ಬಲಗಡೆ ಚಕ್ರದ ಪಿನ್ನು

ನಮ್ಮ ಗ್ಯಾರೇಜಿಗೆ ಬರುತ್ತಿದ್ದವರೆಲ್ಲ ಬ್ರೇಕ್ ಕೆಲಸ ಮಾಡುವವರು ನನ್ನ ಗಂಡ ಎಂದೇ ತಿಳಿದಿದ್ದರು. ಹಲಸೂರಿನಿಂದ ಮರ್ಫಿ ಟೌನಿಗೆ ಹೋಗುವ ಒಂದು ಗಲ್ಲಿಯಲ್ಲಿ, ಸೀಟು ಹೊಲಿಯುವ ಮುದುಕರೊಬ್ಬರ ಅಂಗಡಿಗೆ ಒತ್ತಿಕೊಂಡಂತೆ ನಮ್ಮ ಶೆಡ್ಡಿತ್ತು. ಮುಂದೆ ಒಂದು ಕಾರು ನಿಲ್ಲುವಷ್ಟು ಜಾಗ, ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ. ಅವರು ಮುಂದೆ ಚಕ್ರ ಬಿಚ್ಚಿ, ಬ್ರೇಕಿನ ಕ್ಯಾಲಿಪರ್ ಕಳಚಿ ಒಳಗೆ ತಂದಿಡುತ್ತಿದ್ದರು. ಒಳಗೆ ನಾನಿರುತ್ತಿದ್ದೆ.

ನಮ್ಮಪ್ಪ ದೊಡ್ಡನೆಕ್ಕುಂದಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಓಡಿಸುತ್ತಿದ್ದರು. ಊಟದ ಡಬ್ಬಿ ಕೊಡಲು ಹೋಗುತ್ತಿದ್ದ ನಾನು ಅಲ್ಲೇ ನಿಂತು ನೋಡುತ್ತ ಕಬ್ಬಿಣದ ಕೆಲಸದ ರುಚಿ ಹತ್ತಿಸಿಕೊಂಡಿದ್ದೆ. ಮದುವೆಯಾದ ಎರಡನೇ ವರ್ಷ ನನ್ನ ಗಂಡನಿಗೆ ಕಾಮಾಲೆಯಾಗಿ ಒಂದೂವರೆ ತಿಂಗಳು ಮಲಗಿಬಿಟ್ಟರು. ಬಂದ ಕೆಲಸ ವಾಪಸ್ಸು ಕಳಿಸಿದರೆ ಗಿರಾಕಿ ಮತ್ತೆ ಬರುವುದಿಲ್ಲ. ಅವರು ಬೆಂಚಿನ ಮೇಲೆ ಮಲಗಿಕೊಂಡೇ ಹೇಳಿಕೊಟ್ಟರು, ನಾನು ಮಾಡಿದೆ. ವಾಸಿಯಾದ ಮೇಲೂ ನಾನು ಕೋಣೆಯಿಂದ ಹೊರಗೆ ಬರಲಿಲ್ಲ. ಅವರಿಗಿಂತ ನನ್ನ ಕೈ ಒಳ್ಳೆಯದು ಎಂಬುದು ಅಷ್ಟರಲ್ಲಿ ಇಬ್ಬರಿಗೂ ಗೊತ್ತಾಗಿತ್ತು. "ಹೊರಗಡೆ ಹೇಳೋದ್ ಬೇಡ ಕಣೇ," ಅಂದಿದ್ದರು. "ಬ್ರೇಕ್ ವಿಷಯ. ಹೆಂಗಸು ಮಾಡಿದ್ಲು ಅಂದ್ರೆ ಯಾವನೂ ಗಾಡಿ ಬಿಡಲ್ಲ."

ಆ ಕೆಲಸ ಹೊರಗಿನಿಂದ ನೋಡಿದವರಿಗೆ ಹೊಡೆದಾಟದ ಹಾಗೇ ಕಾಣುತ್ತದೆ. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯನ್ನು ಎರಡು ಪ್ಯಾಡುಗಳು ಒಳಗಿನಿಂದ ಒಂದು, ಹೊರಗಿನಿಂದ ಒಂದು ಅಮುಕಿ ಹಿಡಿದಾಗ ಗಾಡಿ ನಿಲ್ಲುತ್ತದೆ. ಅವೆರಡನ್ನೂ ಹಿಡಿದಿರುವ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಸಲೀಸಾಗಿ ಅತ್ತಿತ್ತ ಜಾರಬೇಕು. ಪಿನ್ನು ತುಕ್ಕು ಹಿಡಿದೋ ಒಣಗಿಯೋ ಜಾಮ್ ಆದರೆ ಒಳಗಿನ ಪ್ಯಾಡು ಒಂದೇ ಎಲ್ಲ ಭಾರ ಹೊತ್ತು ತಗಡಿನವರೆಗೆ ಸವೆದುಹೋಗುತ್ತದೆ, ಹೊರಗಿನದು ಹೊಸದರಂತೆ ಕೂತಿರುತ್ತದೆ. ಅಂಥ ಪಿನ್ನು ಕೈಗೆ ಬರುವುದಿಲ್ಲ. ಬೆಂಕಿ ತೋರಿಸಬೇಕು, ಎಣ್ಣೆ ಕುಡಿಸಬೇಕು, ಸುತ್ತಿಗೆಯಿಂದ ಬಡಿಯಬೇಕು. ಪ್ಯಾಡನ್ನು ತಳ್ಳುವ ಒಳಗಿನ ಪಿಸ್ಟನ್ ಅಂಟಿಕೊಂಡಿದ್ದರೆ ಗಾಳಿಯ ಒತ್ತಡದಲ್ಲಿ ಹೊರಗೆ ದೂಡಬೇಕು. ಒಂದು ಸಲ ಹೀಗೆ ಗಾಳಿ ಬಿಟ್ಟಾಗ ಪಿಸ್ಟನ್ ಗುಂಡಿನಂತೆ ಹಾರಿ ನನ್ನ ಎಡಗೈಯ ನಡುಬೆರಳನ್ನು ಕ್ಯಾಲಿಪರಿನ ಅಂಚಿಗೆ ಜಜ್ಜಿತು. ಉಗುರು ಹೋಯಿತು. ಈಗಲೂ ಅಲ್ಲಿ ಬೆಳೆಯುವುದು ಉಗುರಲ್ಲ, ಒಂದು ಗಂಟು. ಆವತ್ತು ಕೂಗಲೂ ಆಗಲಿಲ್ಲ, ಹೊರಗೆ ಗಿರಾಕಿ ಕೂತಿದ್ದರು. ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿರಬೇಕು, ಗರುಡಾಚಾರ್‌ಪಾಳ್ಯದ ಗೌಡರೊಬ್ಬರು ಬಿಳಿ ಕಾರು ತಂದರು. ಹಳೇ ಊರಿನವರು. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಕಂಪನಿ ಕಟ್ಟಡ ಎದ್ದಿತ್ತಂತೆ. ಅದನ್ನು ಜಂಬದಿಂದಲ್ಲ, ಯಾರದೋ ಸುದ್ದಿ ಹೇಳುವವರಂತೆ ನನ್ನ ಗಂಡನಿಗೆ ಹೇಳುತ್ತಿದ್ದರು. ಬಾಗಿಲ ಹಿಂದಿನಿಂದ ನನಗೆಲ್ಲ ಕೇಳಿಸುತ್ತಿತ್ತು.

"ನೋಡಪ್ಪ, ಇದು ನನ್ ಮಗಳು ಓಡ್ಸೋ ಗಾಡಿ. ಕಾಲೇಜಿಗೆ ಇದ್ರಲ್ಲೇ ಹೋಗ್ತಾಳೆ. ಬ್ರೇಕ್ ಒತ್ತಿದ್ರೆ ಒಂದ್ ಕಡೆ ಎಳೀತದೆ ಅಂತಾಳೆ. ಚೆನ್ನಾಗ್ ನೋಡಿ ಮಾಡು."

"ನಾನ್ ನೋಡ್ಕೋತೀನಿ ಬಿಡಿ ಸಾರ್. ಮಧ್ಯಾಹ್ನಕ್ಕೆ ಕೊಡ್ತೀನಿ."

ಬಲಗಡೆ ಮುಂದಿನ ಚಕ್ರದ ಕ್ಯಾಲಿಪರ್ ಜಾಮ್ ಆಗಿತ್ತು. ಅದನ್ನು ಒಳಗೆ ತಂದುಕೊಟ್ಟು ನನ್ನ ಗಂಡ ಹೊಸ ಪ್ಯಾಡು ತರಲು ಶಿವಾಜಿನಗರಕ್ಕೆ ಹೋದರು. ನಾನು ಬಡಿದು, ಕಾಯಿಸಿ, ಮತ್ತೆ ಬಡಿದು ಪಿನ್ನು ಬಿಡಿಸಿದೆ. ತುಕ್ಕು ಉಜ್ಜಿ ತೆಗೆದೆ. ಇನ್ನು ಗ್ರೀಸ್ ಹಚ್ಚಿ ಕೂರಿಸಬೇಕು. ಆ ಪಿನ್ನಿನ ಸುತ್ತ ಒಂದು ರಬ್ಬರ್ ತೋಳು ಇರುತ್ತದೆ, ಅದಕ್ಕೆ ಬೇರೆಯದೇ ಗ್ರೀಸು, ಸಣ್ಣ ಟ್ಯೂಬಿನಲ್ಲಿ ಬರುತ್ತದೆ. ಬೇರಿಂಗಿಗೆ ಹಾಕುವ ಡಬ್ಬಿ ಗ್ರೀಸ್ ತಗಲಿದರೆ ರಬ್ಬರ್ ಊದಿಕೊಂಡು ಪಿನ್ನನ್ನು ಕಚ್ಚಿ ಹಿಡಿಯುತ್ತದೆ. ಇದನ್ನು ಬೆಂಚಿನ ಮೇಲೆ ಮಲಗಿದ್ದಾಗಲೇ ನನ್ನ ಗಂಡ ಹೇಳಿಕೊಟ್ಟಿದ್ದರು.

ಟ್ಯೂಬು ಹಿಂಡಿದೆ, ಏನೂ ಬರಲಿಲ್ಲ. ಅವರ ಬಳಿ ಆಗ ಮೊಬೈಲ್ ಇರಲಿಲ್ಲ. ಒಂದು ಕೆಲಸಕ್ಕೆ ಏನಾದೀತು ಎಂದು ಡಬ್ಬಿಗೆ ಬೆರಳು ಅದ್ದಿ ಹಚ್ಚಿಬಿಟ್ಟೆ. ಅವರು ಬಂದು ಕೇಳಲಿಲ್ಲ, ನಾನು ಹೇಳಲಿಲ್ಲ. ಪ್ಯಾಡು ಕೂರಿಸಿ, ಚಕ್ರ ಬಿಗಿದು, ಗಾಡಿಯನ್ನು ಹಲಸೂರು ಕೆರೆ ಸುತ್ತ ಒಂದು ಸಲ ಓಡಿಸಿ ನೋಡಿ ಕೊಟ್ಟರು. ನೇರವಾಗಿ ಹೋಗುತ್ತಿತ್ತಂತೆ. ಗೌಡರು ಹೊರಡುವಾಗ "ಕೈ ಚೆನ್ನಾಗದೆ ನಿಂದು" ಅಂದದ್ದು ನನಗೆ ಕೇಳಿಸಿತು. ನಾನು ಒಳಗೆ ಕೈ ತೊಳೆಯುತ್ತಿದ್ದೆ.

ನಾಲ್ಕೋ ಐದೋ ತಿಂಗಳಾಗಿತ್ತು. ಬೆಳಿಗ್ಗೆ ಹತ್ತರ ಹೊತ್ತು. ಗಲ್ಲಿಯ ತುದಿಯಲ್ಲಿ ಜೀಪೊಂದು ಕಿರ್ರನೆ ನಿಂತಿತು. ನಾನು ಒಳಗೆ ಸ್ಟವ್ ಮೇಲೆ ಟೀ ಇಟ್ಟಿದ್ದೆ.

"ಯಾವನ್ಲೇ ಆ ಬಿಳಿ ಗಾಡಿ ಬ್ರೇಕ್ ಮಾಡಿದ್ದು?"

"ನಾನೇ ಸಾರ್. ಏನಾಯ್ತು?"

ಮುಂದಿನ ಮಾತಿಗೆ ಬದಲು ಏಟಿನ ಸದ್ದು ಕೇಳಿಸಿತು. ತೆರೆದ ಅಂಗೈಯ ಏಟು. ಆಮೇಲೆ ಸ್ಪ್ಯಾನರುಗಳ ಟ್ರೇ ನೆಲಕ್ಕೆ ಬಿದ್ದ ಸದ್ದು. ಓಡಿ ಬಾಗಿಲಿಗೆ ಬಂದೆ. ಗೌಡರು, ಅವರ ಜೊತೆ ಇಬ್ಬರು ಗಟ್ಟಿ ಆಳುಗಳು. ಒಬ್ಬ ನನ್ನ ಗಂಡನ ಕೈ ಹಿಂದಕ್ಕೆ ತಿರುಚಿ ಹಿಡಿದಿದ್ದ, ಇನ್ನೊಬ್ಬ ಹೊಟ್ಟೆಗೆ ಮೊಣಕಾಲಿನಿಂದ ಗುದ್ದುತ್ತಿದ್ದ. ಗೌಡರು ಮುಖಕ್ಕೆ, ಕಿವಿಗೆ, ಕಿವಿಗೇ ಮತ್ತೆ ಮತ್ತೆ ಬಾರಿಸುತ್ತಿದ್ದರು. ಪ್ರತಿ ಏಟಿಗೂ ಒಂದೊಂದು ಮಾತು.

"ನನ್ ಮಗಳು. ಹಲ್ ಉದುರೋಗಿದೆ. ದವಡೆ ಸೀಳೋಗಿದೆ. ಟಿನ್ ಫ್ಯಾಕ್ಟರಿ ಹತ್ರ. ಗೋಡೆಗೆ. ಬ್ರೇಕ್ ಒತ್ತಿದ್ಲು, ಗಾಡಿ ಎಡಕ್ ತಿರ್ಗೋಯ್ತು. ಹೇಳಿದ್ನೋ ಇಲ್ವೋ ನಿಂಗೆ? ನನ್ ಮಗಳು ಓಡ್ಸೋ ಗಾಡಿ ಅಂತ ಹೇಳಿದ್ನೋ ಇಲ್ವೋ?"

ನನ್ನ ಗಂಡನ ಎಡಗಿವಿಯಿಂದ ರಕ್ತ ಅಂಗಿಯ ಕಾಲರಿಗೆ ಇಳಿಯುತ್ತಿತ್ತು. ಡಬ್ಬಿಯ ಗ್ರೀಸು ನನಗೆ ಆ ಕ್ಷಣವೇ ನೆನಪಾಯಿತು. ನಿಂತಲ್ಲೇ ನಿಂತಿದ್ದೆ. ಎರಡು ಏಟು, ಮೂರು ಏಟು. ಅಷ್ಟೂ ಏಟು ನಾನು ಬಾಯಿ ಬಿಡದೆ ನೋಡಿದವು. ಇವತ್ತಿಗೂ ಅವನ್ನು ನಾನು ನನ್ನ ಮೇಲೇ ಹಾಕಿಕೊಳ್ಳುತ್ತೇನೆ.

"ಬಿಡಿ ಅವ್ರನ್ನ!" ಎಂದು ಕೂಗಿದೆ. "ಆ ಕೆಲಸ ಮಾಡಿದ್ದು ನಾನು. ಕ್ಯಾಲಿಪರ್ ಬಿಚ್ಚಿ ಕಟ್ಟಿದ್ದು ನಾನು. ನಂಗ್ ಹೊಡೀರಿ."

ಗೌಡರು ಒಂದು ಗಳಿಗೆ ನನ್ನತ್ತ ನೋಡಿದರು. ನನ್ನ ಮಾತು ಅವರ ತಲೆಗೆ ಹೋಗಲೇ ಇಲ್ಲ. ನನ್ನ ಗಂಡನ ಕೂದಲು ಹಿಡಿದು ಮುಖ ಮೇಲಕ್ಕೆತ್ತಿದರು.

"ಥೂ ಬೋಳಿಮಗನೆ. ಹೆಂಡ್ತಿನ ಅಡ್ಡ ಬಿಡ್ತೀಯೇನೋ?"

ಮತ್ತೆ ಹೊಡೆದರು. ಮೊದಲಿಗಿಂತ ಜೋರಾಗಿ. ನಾನು ಹೇಳಿದ ನಿಜದಿಂದಲೇ ನನ್ನ ಗಂಡನಿಗೆ ಹೆಚ್ಚು ಏಟು ಬಿತ್ತು. ನೆಲಕ್ಕೆ ಬಿದ್ದ ವೀಲ್ ಸ್ಪ್ಯಾನರನ್ನು ಗೌಡರು ಎತ್ತಿಕೊಂಡರು. ಅದು ಮೇಲಕ್ಕೆ ಹೋಗುವುದನ್ನು ನೋಡಿದೆ. ಒಳಗೆ ಹೋಗಿ ಸುತ್ತಿಗೆ ತಂದದ್ದು ನನಗೆ ನೆನಪಿಲ್ಲ. ಅದು ಕೈಯಲ್ಲಿತ್ತು. ಸ್ಪ್ಯಾನರ್ ಹಿಡಿದ ಅವರ ಮುಂಗೈ ಮೇಲೆ, ಮಣಿಕಟ್ಟಿಗಿಂತ ಸ್ವಲ್ಪ ಮೇಲೆ, ಪಿನ್ನಿಗೆ ಹೊಡೆಯುವ ಹಾಗೆಯೇ ಗುರಿಯಿಟ್ಟು ಹೊಡೆದೆ. ಮೂಳೆ ಮುರಿದದ್ದು ಸುತ್ತಿಗೆಯ ಹಿಡಿಯಲ್ಲೇ ಗೊತ್ತಾಯಿತು. ಸ್ಪ್ಯಾನರ್ ಬಿತ್ತು. ಗೌಡರು ಎಮ್ಮೆ ಕೂಗಿದ ಹಾಗೆ ಕೂಗಿ ಮಂಡಿಯೂರಿದರು.

ಆಳುಗಳಲ್ಲಿ ಒಬ್ಬ ನನ್ನ ಜಡೆ ಹಿಡಿದು ಎಳೆದು ಜಾಕಿಯ ಮೇಲೆ ಕೆಡವಿದ. ಪಕ್ಕೆಗೆ ಒದ್ದ. ಇನ್ನೊಂದು ಒದೆಗೆ ಕಾಲು ಎತ್ತಿದ್ದಾಗ ಸೀಟು ಹೊಲಿಯುವ ಮುದುಕರು ಬಂದು ನನ್ನ ಮೇಲೆ ಅಡ್ಡ ಬಿದ್ದರು. ಆ ಒದೆ ಅವರ ಬೆನ್ನಿಗೆ ಬಿತ್ತು. "ಛೋಡೋ ಜೀ, ಮರ್ ಜಾತೇ ಇನೋ! ಸತ್ತೋಗ್ತಾರೆ, ಬಿಟ್ಬಿಡ್ರಪ್ಪಾ!" ಎಂದು ಅವರು ಕಿರುಚುತ್ತಿದ್ದರು. ಗಲ್ಲಿಯ ಜನ ಸೇರಿದರು. ಯಾರೋ ಪೊಲೀಸರನ್ನು ಕರೆದರು. ಒಳಗೆ ಸ್ಟವ್ ಮೇಲಿದ್ದ ಟೀ ಉಕ್ಕಿ, ಪಾತ್ರೆ ಸುಟ್ಟ ವಾಸನೆ ಶೆಡ್ಡಿನ ತುಂಬ ಹರಡಿತ್ತು.

ಠಾಣೆಗೆ ಎಲ್ಲರನ್ನೂ ಒಂದೇ ವ್ಯಾನಿನಲ್ಲಿ ಕರೆದೊಯ್ದರು. ನನ್ನ ಗಂಡ ಕಿವಿಗೆ ಟವೆಲ್ ಒತ್ತಿಕೊಂಡಿದ್ದರು. ಎದುರಿನ ಸೀಟಿನಲ್ಲಿ ಗೌಡರು ಮುರಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹಲ್ಲು ಕಚ್ಚಿದ್ದರು. ಆಸ್ಪತ್ರೆಗೆ ಮೊದಲು ಹೋಗೋಣ ಎಂದು ಪೇದೆ ಹೇಳಿದರೆ, "ಇವ್ನ ಮೇಲೆ ಕೇಸ್ ಆಗೋವರ್ಗೂ ನಾನು ಎಲ್ಲಿಗೂ ಬರಲ್ಲ" ಅಂದರು.

ಸಬ್ ಇನ್ಸ್‌ಪೆಕ್ಟರ್ ನಡುವಯಸ್ಸಿನ ಮನುಷ್ಯ. ಎರಡೂ ಕಡೆಯ ಮಾತು ಕೇಳಿದರು. ಬ್ರೇಕ್ ಕೆಲಸ ನಾನೇ ಮಾಡಿದ್ದು ಎಂದು ನಾನು ಮೂರನೇ ಸಲ ಹೇಳಿದಾಗ ಪೆನ್ನು ಕೆಳಗಿಟ್ಟರು.

"ಏನಮ್ಮ, ಗಂಡನ್ನ ಉಳ್ಸಕ್ಕೆ ಹೇಳ್ತಿದೀಯ ಅನ್ಸತ್ತೆ. ಆಕ್ಸಿಡೆಂಟ್ ಆದ ಗಾಡಿ ತಂದು ಹಿಂದುಗಡೆ ನಿಲ್ಸಿದೀವಿ. ನೀನೇ ಮಾಡಿದ್ರೆ ಬಿಚ್ಚಿ ತೋರ್ಸು. ನಿಂಗ್ ಬರತ್ತೋ ಇಲ್ವೋ ಗೊತ್ತಾಗತ್ತೆ."

ಠಾಣೆಯ ಹಿತ್ತಲಲ್ಲಿ ಬಿಳಿ ಕಾರು ನಿಂತಿತ್ತು. ಮುಂಭಾಗ ಎಡಗಡೆ ಒಳಕ್ಕೆ ಮಡಚಿಹೋಗಿತ್ತು. ಸ್ಟಿಯರಿಂಗಿನ ಮೇಲೆ ಒಣಗಿದ ರಕ್ತ, ಸೀಟಿನ ಮೇಲೆ ಒಂದು ಹವಾಯಿ ಚಪ್ಪಲಿ. ಒಬ್ಬ ಪೇದೆ ಜೀಪಿನ ಜಾಕಿ, ಸ್ಪ್ಯಾನರ್ ತಂದುಕೊಟ್ಟ. ಪಕ್ಕೆ ನೋವಿಗೆ ಬಗ್ಗಲು ಆಗುತ್ತಿರಲಿಲ್ಲ. ನೆಲದಲ್ಲಿ ಕೂತೇ ಬಲಗಡೆ ಚಕ್ರ ಬಿಚ್ಚಿದೆ. ಸುತ್ತ ಪೊಲೀಸರು, ಆ ಇಬ್ಬರು ಆಳುಗಳು, ಗೌಡರು, ನನ್ನ ಗಂಡ. ಕ್ಯಾಲಿಪರ್ ಬಿಚ್ಚಿದಾಗ ಒಳಗಿನ ಪ್ಯಾಡು ಕೈಗೆ ಬಂತು. ಪ್ಯಾಡು ಅನ್ನುವಂಥದ್ದು ಏನೂ ಉಳಿದಿರಲಿಲ್ಲ, ಬರೀ ತಗಡು. ತಟ್ಟೆಯ ಒಳಮೈ ಉಳುಮೆ ಮಾಡಿದಂತೆ ಸೀಳಿತ್ತು. ಹೊರಗಿನ ಪ್ಯಾಡು ದಪ್ಪಕ್ಕೆ, ಹೊಸದಾಗಿಯೇ ಇತ್ತು. ಆ ಚಕ್ರದಲ್ಲಿ ಬ್ರೇಕ್ ಹಿಡಿಯುತ್ತಲೇ ಇರಲಿಲ್ಲ. ಎಡಗಡೆಯದು ಮಾತ್ರ ಹಿಡಿದು ಗಾಡಿಯನ್ನು ಗೋಡೆಯತ್ತ ತಿರುಗಿಸಿತ್ತು.

ಪಿನ್ನು ಎಳೆದೆ. ಬರಲಿಲ್ಲ. ಬಡಿದು ತೆಗೆದಾಗ ಅದರ ರಬ್ಬರು ಊದಿ, ಮೆತ್ತಗಾಗಿ, ಜಿಗಣೆಯಂತೆ ಪಿನ್ನಿಗೆ ಅಂಟಿತ್ತು. ಮೇಲೆ ನನ್ನ ಡಬ್ಬಿಯ ಗ್ರೀಸಿನ ಬಣ್ಣ.

ನನ್ನ ಗಂಡ ಅದನ್ನು ನೋಡಿದರು. ಒಂದು ನೋಟ ಸಾಕಾಯಿತು ಅವರಿಗೆ.

"ತಪ್ಪು ಗ್ರೀಸ್ ಹಾಕಿದೀನಿ ಸಾರ್," ಎಂದು ಅವರು ಸಬ್ ಇನ್ಸ್‌ಪೆಕ್ಟರಿಗೆ ಹೇಳಿದರು. "ನಾನೇ ಹಾಕಿದ್ದು. ಇವ್ಳು ಒಳಗಡೆ ತೊಳ್ದು ಕೊಡ್ತಾಳೆ ಅಷ್ಟೆ. ತಪ್ಪು ನಂದು."

"ಇಲ್ಲ ಸಾರ್," ಅಂದೆ. "ಅವ್ರು ಆಗ ಶಿವಾಜಿನಗರಕ್ಕೆ ಹೋಗಿದ್ರು. ಹಾಕಿದ್ದು ನಾನು. ಹಾಕ್ಬಾರ್ದು ಅಂತ ಗೊತ್ತಿತ್ತು, ಗೊತ್ತಿದ್ದೂ ಹಾಕ್ದೆ."

ನನ್ನ ಗಂಡ ಎರಡು ಹೆಜ್ಜೆ ಮುಂದೆ ಬಂದು ನನ್ನ ಕೆನ್ನೆಗೆ ಹೊಡೆದರು.

"ಸುಮ್ನಿರೇ!" ಅಂದರು. "ಸುಮ್ನಿರು ಅಂದ್ರೆ ಸುಮ್ನಿರು."

ಮದುವೆಯಾದಾಗಿನಿಂದ ಅವರು ನನ್ನ ಮೇಲೆ ಕೈ ಮಾಡಿದ್ದು ಅದೇ ಮೊದಲು. ನನ್ನನ್ನು ಉಳಿಸಲು ಹೊಡೆದರು ಎಂದು ಆಮೇಲೆ ನಮ್ಮ ಕಡೆಯವರೆಲ್ಲ ಹೇಳಿದರು. ಇರಬಹುದು. ಕೆನ್ನೆಗೆ ಬಿದ್ದದ್ದು ಏಟೇ. ಪೇದೆಯೊಬ್ಬ ನಕ್ಕ. ನಾನು ಪಿನ್ನನ್ನು ಹಿಡಿದುಕೊಂಡೇ ಕೂತಿದ್ದೆ.

ಆಗ ಗೌಡರು ಮಾತಾಡಿದರು. ಅಷ್ಟು ಹೊತ್ತಿನಿಂದ ಅವರು ಮೆಟ್ಟಿಲ ಮೇಲೆ ಕೂತು ಆ ತಗಡನ್ನೇ ನೋಡುತ್ತಿದ್ದರು.

"ಇದು ಹಿಂಗಾದ್ರೆ ಸದ್ದು ಬರ್ತದಾ?"

"ಬರತ್ತೆ," ಅಂದೆ. "ಕಬ್ಬಿಣಕ್ಕೆ ಕಬ್ಬಿಣ ಉಜ್ಜೋ ಸದ್ದು. ಒಂದು ತಿಂಗಳಿಂದನಾದ್ರೂ ಬರ್ತಿರ್ಬೇಕು."

ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. "ಹೇಳಿದ್ಲು," ಅಂದರು. "ಕಿರ್ ಅಂತದೆ ಅಪ್ಪ ಅಂತ ಹೇಳಿದ್ಲು. ದಿನಾ ಹೇಳೋಳು. ಮೊನ್ನೆ ಮಾಡ್ಸಿದೀನಲ್ಲ, ಸುಮ್ನೆ ಓಡ್ಸು ಅಂದೆ. ನಾನೇ ಅಂದೆ."

ಅವರು ಎದ್ದರು. ಆಮೇಲೆ ಆ ಕಾರನ್ನು ಒದೆಯತೊಡಗಿದರು. ಮೊದಲು ಬಾಗಿಲಿಗೆ, ಆಮೇಲೆ ಉಳಿದಿದ್ದ ಒಂದು ಲೈಟಿಗೆ. ಗಾಜು ಪುಡಿಯಾಯಿತು. ಒದೆಯುತ್ತಲೇ ಇದ್ದರು. ಪಂಚೆ ಹರಿಯಿತು, ಪಾದದಿಂದ ರಕ್ತ ಬಂತು. ಆಳುಗಳು ಹಿಡಿಯಲು ಹೋದರೆ ಮುರಿದ ಕೈಯಿಂದಲೇ ಅವರನ್ನು ತಳ್ಳಿ, ಆ ನೋವಿಗೆ ಕೂಗಿ, ಮತ್ತೆ ಒದ್ದರು. ಜಾಕಿಯ ಮೇಲಿದ್ದ ಗಾಡಿ ಜಾರಿ ಧಡ್ಡೆಂದು ನೆಲಕ್ಕೆ ಕೂತಿತು. ನಾನು ಕಾಲು ಎಳೆದುಕೊಳ್ಳದೇ ಇದ್ದಿದ್ದರೆ ನನ್ನ ಪಾದ ಅದರಡಿಯಲ್ಲಿರುತ್ತಿತ್ತು. ಆ ಸದ್ದಿಗೆ ಅವರು ನಿಂತರು. ಮತ್ತೆ ಮೆಟ್ಟಿಲ ಮೇಲೆ ಕೂತು ತಲೆ ಬಗ್ಗಿಸಿದರು.

ಸಬ್ ಇನ್ಸ್‌ಪೆಕ್ಟರ್ ಯಾರ ಮೇಲೂ ಕೇಸ್ ಬರೆಯಲಿಲ್ಲ. ಎರಡೂ ಕಡೆಯವರು ದೂರು ಬೇಡ ಎಂದು ಸಹಿ ಹಾಕಿದೆವು. ಗೌಡರು ಎಡಗೈಯಲ್ಲಿ ಹಾಕಿದರು.

ನನ್ನ ಗಂಡನ ಎಡಗಿವಿಯ ತಮಟೆ ಹರಿದಿತ್ತು. ವೈದ್ಯರು ಕೂಡಬಹುದು ಅಂದರು, ಕೂಡಲಿಲ್ಲ. ನನಗೆ ಒಂದು ಪಕ್ಕೆಲುಬು ಬಿರುಕು ಬಿಟ್ಟಿತ್ತು. ಸೀಟು ಹೊಲಿಯುವ ಮುದುಕರು ಒಂದು ತಿಂಗಳು ಬೆನ್ನು ನೇರ ಮಾಡಲಾಗದೆ ಬಗ್ಗಿಕೊಂಡೇ ಮಿಷನ್ ತುಳಿದರು.

ಉಸಿರಾಡುವಾಗ ನೋವು ಸ್ವಲ್ಪ ಕಡಿಮೆಯಾದ ಮೇಲೆ ಆ ಹುಡುಗಿಯನ್ನು ನೋಡಲು ಇಂದಿರಾನಗರದ ಆಸ್ಪತ್ರೆಗೆ ಒಬ್ಬಳೇ ಹೋದೆ. ಹೋಗಬೇಡ ಎಂದು ನನ್ನ ಗಂಡ ಹೇಳಿದ್ದರು. ಮೋಸಂಬಿ ತೆಗೆದುಕೊಂಡಿದ್ದೆ. ಬಾಯಿ ತೆರೆಯಲಾಗದವಳಿಗೆ ಮೋಸಂಬಿ ಒಯ್ದೆನಲ್ಲ ಎಂದು ಬಾಗಿಲಲ್ಲಿ ನಿಂತ ಮೇಲೆ ಹೊಳೆಯಿತು. ಅವಳ ದವಡೆಗೆ ತಂತಿ ಬಿಗಿದಿದ್ದರು. ಕಣ್ಣ ಸುತ್ತ ನೇರಳೆ ಬಣ್ಣ. ನಾನು ಯಾರೆಂದು ಹೇಳಿದೆ. ಕೂಗಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಳು: 'ಅಪ್ಪನ ಕೈ ಮುರಿದಿದ್ದು ನೀವಾ?'

ಹೌದು ಅಂದೆ.

ಇನ್ನೊಂದು ಸಾಲು ಬರೆದಳು. 'ಸದ್ದು ಬಂದಾಗ ನಾನು ಓಡಿಸಲ್ಲ ಅನ್ನಬೇಕಿತ್ತು ಅಲ್ವಾ?'

"ಇಲ್ಲಮ್ಮ," ಅಂದೆ. "ನಿಂದೇನೂ ತಪ್ಪಿಲ್ಲ. ನಾನು ತಪ್ಪು ಗ್ರೀಸ್ ಹಾಕಿದ್ದು. ನಿನ್ ಬ್ರೇಕ್ ಕೆಡಿಸಿದ್ದು ನಾನು. ಅದನ್ನ ಹೇಳಕ್ಕೇ ಬಂದೆ."

ಹಿಂದೆ ಅವಳ ತಾಯಿ ನಿಂತಿದ್ದು ನನಗೆ ಗೊತ್ತಿರಲಿಲ್ಲ. ಆಕೆ ಮೋಸಂಬಿಯ ಚೀಲ ಕಿತ್ತುಕೊಂಡು ನನ್ನ ಎದೆಗೆ ಬೀಸಿ ಹೊಡೆದರು. ಬಿರುಕಿದ್ದ ಪಕ್ಕೆಗೇ ಬಿತ್ತು. ಹಣ್ಣುಗಳು ಮಂಚದ ಕೆಳಗೆಲ್ಲ ಉರುಳಿದವು. "ಆಚೆ ಹೋಗು," ಅಂದರು. "ನನ್ ಮಗು ಮುಖ ನೋಡಿದ್ಯಲ್ಲ, ಆಯ್ತಲ್ಲ? ಹೋಗಾಚೆ." ಹುಡುಗಿ ತಂತಿಯ ಹಿಂದಿನಿಂದ ಏನೋ ಅನ್ನಲು ಹೊರಟು ನೋವಿಗೆ ನರಳಿದಳು. ಆ ನರಳಾಟ ಕೇಳುತ್ತ ಕಾರಿಡಾರಿನ ಗೋಡೆ ಹಿಡಿದುಕೊಂಡು ಹೊರಗೆ ಬಂದೆ. ಆಕೆ ಹೊಡೆದದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಹೊಡೆಯಬೇಕಾದವರಿಂದ ಹೊಡೆಸಿಕೊಳ್ಳಬೇಕಾದವಳಿಗೆ ಬಿದ್ದ ಏಟು ಅದೊಂದೇ.

ಮನೆಗೆ ಬಂದು ನನ್ನ ಗಂಡನ ಬಲಗಡೆಗೆ ಹೋಗಿ, ಕೇಳುವ ಕಿವಿಗೆ ಹೇಳಿದೆ: "ಠಾಣೇಲಿ ಹೊಡೆದ್ರಲ್ಲ, ಅದು ಕೊನೇದು. ಇನ್ನೊಂದ್ ಸಲ ಕೈ ಎತ್ತಿದ್ರೆ ಅದೂ ಮುರಿಯತ್ತೆ."

"ಗೊತ್ತು," ಅಂದರು. "ನಿನ್ನನ್ನ ಒಳಗಾಕ್ಬಿಡ್ತಾರೆ ಅಂತ ಹೆದ್ರಿಕೆ ಆಯ್ತು ಕಣೇ," ಎಂದು ಸೇರಿಸಿದರು. ಕ್ಷಮಿಸು ಎಂದು ಅವರು ಕೇಳಲಿಲ್ಲ. ಡಬ್ಬಿ ಗ್ರೀಸ್ ಯಾಕೆ ಹಾಕಿದೆ ಎಂದೂ ಕೇಳಲಿಲ್ಲ.

ಶೆಡ್ಡಿನ ಮಾಲೀಕರು ಜಗಳದವರು ಬೇಡ ಎಂದು ಖಾಲಿ ಮಾಡಿಸಿದರು. ನಾವು ಕೆ.ಆರ್.ಪುರದ ಕಡೆ ರಸ್ತೆ ಬದಿಯಲ್ಲಿ ಜಾಗ ಹಿಡಿದೆವು. ಅಲ್ಲಿ ಹಿಂದಿನ ಕೋಣೆ ಇರಲಿಲ್ಲ. ಮೊದಲ ದಿನದಿಂದಲೇ ನಾನು ಎಲ್ಲರ ಎದುರಿಗೆ ನೆಲದ ಮೇಲೆ ಕೂತು ಕೆಲಸ ಮಾಡಿದೆ. ನೋಡಿ ಹಾಗೇ ಗಾಡಿ ತಿರುಗಿಸಿಕೊಂಡು ಹೋದವರು ಬಹಳ. ನಿಂತವರೂ ಇದ್ದರು. ಪಿನ್ನು ಕೂರಿಸುವ ಮುಂಚೆ ಗ್ರೀಸಿನ ಟ್ಯೂಬನ್ನು ಗಿರಾಕಿಯ ಕೈಗೇ ಕೊಟ್ಟು ಓದಿ ನೋಡಿ ಅನ್ನುತ್ತಿದ್ದೆ. ಕೆಲವರು ನಗುತ್ತಿದ್ದರು.

ಅಲ್ಲಿಗೆ ಹೋದ ಮರುವರ್ಷದ ಒಂದು ಮಧ್ಯಾಹ್ನ. ನನ್ನ ಗಂಡ ನೆರಳಿನಲ್ಲಿ ಊಟ ಮಾಡುತ್ತಿದ್ದರು. ದಪ್ಪಗಿನ ಮನುಷ್ಯರೊಬ್ಬರು ಕಾರು ನಿಲ್ಲಿಸಿ, ಬಾಗಿಲು ಧಡಾರನೆ ಹಾಕಿ, "ರೀ, ಯಾರ್ರೀ ಇರೋದಿಲ್ಲಿ?" ಎಂದು ದೊಡ್ಡ ದನಿಯಲ್ಲಿ ಕೂಗುತ್ತ ನನ್ನ ಗಂಡನ ಎಡಗಡೆಯಿಂದ ಬಂದರು. ಕೇಳುವ ಕಿವಿ ಲಾರಿಗಳ ಸದ್ದಿನ ಕಡೆಗಿದ್ದ ನನ್ನ ಗಂಡನಿಗೆ ಅದು ಕೇಳಿಸಲಿಲ್ಲ. ಆ ಮನುಷ್ಯ ಭುಜ ತಟ್ಟಲು ಕೈ ಎತ್ತಿದರು. ಅಷ್ಟರಲ್ಲಿ ನಾನು ಎದ್ದು ನಡುವೆ ನಿಂತಿದ್ದೆ. ನನ್ನ ಕೈಯಲ್ಲಿದ್ದ ಟೈರ್ ಬಿಚ್ಚುವ ಕಬ್ಬಿಣದ ಲಿವರ್ ತಲೆಯ ಮಟ್ಟಕ್ಕೆ ಎದ್ದಿತ್ತು. ಎಲ್ಲಿಗೆ ಹೊಡೆಯಬೇಕೆಂದೂ ಕಣ್ಣು ಗುರುತು ಮಾಡಿಕೊಂಡಿತ್ತು.

ನನ್ನ ಗಂಡ ಎಂಜಲು ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದರು. ಬಿಗಿಯಾಗಿ ಹಿಡಿದರು.

"ಏನಿಲ್ಲ," ಅಂದರು. "ಗಾಳಿ ಹಾಕ್ಸಕ್ ಬಂದಿದಾರೆ. ಏನಿಲ್ಲ, ಬಿಡು."

ಲಿವರ್ ಕೆಳಗಿಟ್ಟೆ. ಆ ಮನುಷ್ಯ ಹಿಂದಿಂದಕ್ಕೆ ಹೆಜ್ಜೆ ಹಾಕಿ, ಕಾರು ಹತ್ತಿ, ಗಾಳಿ ಹಾಕಿಸಿಕೊಳ್ಳದೆಯೇ ಹೊರಟುಹೋದರು. ಅವರ ಹಿಂದಿನ ಟೈರು ಪೂರ್ತಿ ಇಳಿದಿತ್ತು. ರಸ್ತೆಯ ತಿರುವಿನವರೆಗೂ ಅದು ಪಟಪಟ ಬಡಿಯುವುದು ನನಗೆ ಕೇಳಿಸುತ್ತಿತ್ತು.